ಡಿಶ್‌ವಾಶರ್ ಕೆಟ್ಟಿಲ್ಲ, ನೀರು ಬದಲಾಗಿದೆ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಮನೆಯಿಂದ ಫೋನು ಬಂತು. ಹೋಗಿ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲೆ ಆರು ಗಾಜಿನ ಲೋಟ ಸಾಲಾಗಿ ಇಟ್ಟಿದ್ದರು. ಮಜ್ಜಿಗೆ ಕುಡಿದು ಹಾಗೇ ಒಣಗಲು ಬಿಟ್ಟಂತೆ ಎಲ್ಲದರ ಮೇಲೂ ಬಿಳಿ ಪೊರೆ. “ನೋಡ್ರಿ, ಮೂರು ತಾಸು ತಿರುಗಿ ಹಿಂಗ ಕೊಟ್ಟೈತಿ. ಕೈಲೆ ತಿಕ್ಕಿದ್ರ ಹತ್ತು ನಿಮಿಷದ ಕೆಲಸ. ಇನ್ನೂ ವಾರಂಟಿ ಐತಿ, ಬ್ಯಾರೆ ಮಶೀನು ಕೊಡಸ್ರಿ” ಅಂದರು ಮನೆಯ ಅಕ್ಕಾವರು.

ನಾನು ಚೀಲದಿಂದ ಸ್ಕ್ರೂ ಡ್ರೈವರ್ ತೆಗೆಯಲಿಲ್ಲ. ಒಂದು ನಿಂಬೆಹಣ್ಣು ಕೇಳಿದೆ. ಹೋಳು ಮಾಡಿ ಒಂದು ಲೋಟದ ಅರ್ಧ ಭಾಗಕ್ಕೆ ಮಾತ್ರ ಚೆನ್ನಾಗಿ ತಿಕ್ಕಿ, ಎರಡು ನಿಮಿಷ ಬಿಟ್ಟು, ಕುಡಿಯುವ ನೀರಿನಲ್ಲಿ ತೊಳೆದು ಒರೆಸಿದೆ. ಆ ಅರ್ಧ ಹೊಸ ಲೋಟದಂತೆ ಹೊಳೆಯಿತು. ಇನ್ನರ್ಧ ಹಾಗೇ ಮಂಕು. ಅಕ್ಕಾವರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ಟಾಕಿಗೆ ಈಗ ಯಾವ ನೀರು ಬಿಡಾಕತ್ತೀರಿ?”

ಬೋರ್ ನೀರು. ಯಂತ್ರ ಕೂಡಿಸಿದ್ದು ಮಳೆಗಾಲದಲ್ಲಿ, ಆಗ ಟಾಕಿಯ ತುಂಬ ನಳದ ನೀರಿತ್ತು. ನಳದ ನೀರು ಅಂದರೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಬರುವ ಮಲಪ್ರಭೆ. ಬೋರಿಗೆ ಹೋಲಿಸಿದರೆ ಮೆದು ನೀರು. ಬೇಸಿಗೆಯಲ್ಲಿ ನಳ ಬರುವುದು ತಡವಾಯಿತು, ಬೋರ್ ಚಾಲೂ ಆಯಿತು. ಯಂತ್ರಕ್ಕೆ ಇದನ್ನು ಯಾರೂ ಹೇಳಲಿಲ್ಲ. ಅದು ಮಲಪ್ರಭೆಗೆ ಹೊಂದಿಸಿದ ಲೆಕ್ಕದಲ್ಲೇ ಬೋರ್ ನೀರಿನಲ್ಲಿ ಪಾತ್ರೆ ತೊಳೆಯುತ್ತಿತ್ತು.

ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸದವರು ಬರುವುದು ನಿಂತಾಗ ನಮ್ಮ ಕಡೆ ಡಿಶ್‌ವಾಶರ್ ಒಮ್ಮೆಲೇ ಜಾಸ್ತಿಯಾದವು. ದೂರುಗಳೂ ಜಾಸ್ತಿಯಾದವು. ‘ಸರಿಯಾಗಿ ತೊಳೆಯಲ್ಲ’ ಅಂತ ಕರೆದ ಮನೆಗಳಲ್ಲಿ ಯಂತ್ರವೇ ಕೆಟ್ಟಿರುವುದು ಕಡಿಮೆ.

ಗಡಸು ನೀರು ಅಂದರೆ ಏನು ಅಂತ ನಮ್ಮ ಮಂದಿಗೆ ಹೇಳಿಕೊಡಬೇಕಿಲ್ಲ. ಬೋರ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಎಲ್ಲಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಕುಡಿದರೆ ನಡೆಯುವ ನೀರು ಬಿಸಿಯಾಗಿ ಗಾಜಿನ ಮೇಲೆ ಒಣಗಿದಾಗ ಸುಣ್ಣ ಬಿಟ್ಟೇ ಹೋಗುತ್ತದೆ.

ಇದಕ್ಕೆ ಮದ್ದು ಯಂತ್ರದೊಳಗೇ ಇದೆ. ತಳದಲ್ಲಿ, ಜಾಳಿಗೆಯ ಪಕ್ಕದಲ್ಲಿ, ತಿರುಗಿಸಿ ತೆಗೆಯುವ ಒಂದು ದಪ್ಪ ಮುಚ್ಚಳ ಕಾಣುತ್ತದಲ್ವಾ? ಅದು ಉಪ್ಪಿನ ಡಬ್ಬಿ. ಉಪ್ಪು ಪಾತ್ರೆ ತೊಳೆಯಲು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಯಂತ್ರದ ಒಳಗೆ ರೆಸಿನ್ ಅಂತ ಸಣ್ಣ ಸಣ್ಣ ಮಣಿಗಳಿರುತ್ತವೆ. ಒಳಗೆ ಬರುವ ನೀರು ಈ ಮಣಿಗಳನ್ನು ದಾಟಿ ಹೋಗುವಾಗ ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಕೆಲವು ಸಲ ತೊಳೆದ ಮೇಲೆ ಮಣಿಗಳ ಕೈ ತುಂಬಿಹೋಗುತ್ತದೆ. ಆಗ ಯಂತ್ರ ಉಪ್ಪುನೀರು ಹಾಯಿಸಿ ಮಣಿಗಳನ್ನೇ ತೊಳೆದು, ಸುಣ್ಣದ ನೀರನ್ನು ಹೊರಗೆ ಹಾಕುತ್ತದೆ. ಎಷ್ಟು ಸಲಕ್ಕೊಮ್ಮೆ ಹೀಗೆ ಮಾಡಬೇಕು ಅಂತ ಯಂತ್ರಕ್ಕೆ ನಾವು ಹೇಳುವುದೇ ಗಡಸುತನದ ಸೆಟ್ಟಿಂಗ್.

ಗೋಕುಲ ರಸ್ತೆಯ ಮನೆಯಲ್ಲಿ ಗಡಸುತನ ಅಳೆಯುವ ಪಟ್ಟಿಯನ್ನು ನೀರಿಗೆ ಅದ್ದಿ ನೋಡಿದೆ. ಲೀಟರಿಗೆ 400 ಮಿಲಿಗ್ರಾಂ ಹತ್ತಿರ ಬಂತು. ತುಂಬ ಯಂತ್ರಗಳ ಪುಸ್ತಕದಲ್ಲಿ ಲೆಕ್ಕ ಜರ್ಮನ್ ಡಿಗ್ರಿಯಲ್ಲಿರುತ್ತದೆ. ಒಂದು ಡಿಗ್ರಿ ಅಂದರೆ 17.8 ಮಿಲಿಗ್ರಾಂ. 400ನ್ನು 17.8ರಿಂದ ಭಾಗಿಸಿದರೆ ಇಪ್ಪತ್ತೆರಡೂವರೆ. ಆ ಯಂತ್ರ ನಿಂತಿದ್ದು ಏಳು ಡಿಗ್ರಿಯ ಮೇಲೆ. ಪುಸ್ತಕ ನೋಡಿ ಸೆಟ್ಟಿಂಗ್ ಏರಿಸಿದೆ, ಉಪ್ಪು ತುಂಬಿಸಿದೆ. ಖಾಲಿ ಯಂತ್ರದಲ್ಲಿ ಪಾತ್ರೆ ತೊಳೆಯುವ ಪುಡಿಯ ಜಾಗಕ್ಕೆ ಸಿಟ್ರಿಕ್ ಆಸಿಡ್ ಹಾಕಿ ಒಮ್ಮೆ ಬಿಸಿನೀರಿನಲ್ಲಿ ತಿರುಗಿಸಿದೆ. ಬೇರೆ ಯಾವ ಭಾಗವನ್ನೂ ಬದಲಿಸಲಿಲ್ಲ.

ಒಂದು ಮಾತು, ಸಿಟ್ಟಾಗಬೇಡಿ. ಗಡಸುತನ ನೋಡಲು ಟಿಡಿಎಸ್ ಮೀಟರ್ ಹಿಡಿಯಬೇಡಿ. ಆರ್‌ಒ, ಅಂದರೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರ, ಮಾರುವವರು ಅದನ್ನು ತೋರಿಸಿ ಎಲ್ಲರಿಗೂ ರೂಢಿ ಮಾಡಿಬಿಟ್ಟಿದ್ದಾರೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಅಂದಾಜು. ಉಪ್ಪೂ ಅದರಲ್ಲಿ ಬಂತು. ಮೆದು ಮಾಡಿದ ನೀರಿನ ಟಿಡಿಎಸ್ ಇಳಿಯುವುದೇ ಇಲ್ಲ, ಯಾಕೆಂದರೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದ್ದೇವೆ. ಗಡಸುತನಕ್ಕೇ ಬೇರೆ ಪಟ್ಟಿ ಸಿಗುತ್ತದೆ. ಕೆಲವು ಯಂತ್ರಗಳ ಜೊತೆಗೇ ಒಂದು ಕೊಟ್ಟಿರುತ್ತಾರೆ. ನಾವು ಅದನ್ನು ಪುಸ್ತಕದ ಜೊತೆ ಕಪಾಟಿನಲ್ಲಿ ಇಟ್ಟು ಮರೆಯುತ್ತೇವೆ.

ಆರ್‌ಒ ಅಂದಮೇಲೆ ಬೆಟಗೇರಿಯ ಮನೆ ನೆನಪಾಯಿತು. ಅಲ್ಲಿನ ಯಜಮಾನರು ನೀರು ಹಾಳು ಮಾಡಬಾರದು ಅಂತ ಆರ್‌ಒದಿಂದ ಹೊರಗೆ ಬೀಳುವ ನೀರನ್ನೆಲ್ಲ ಡ್ರಮ್ಮಿನಲ್ಲಿ ಹಿಡಿದು, ಸಣ್ಣ ಪಂಪು ಹಚ್ಚಿ ಡಿಶ್‌ವಾಶರಿಗೆ ಕೊಟ್ಟಿದ್ದರು. ಒಳ್ಳೆಯ ಮನಸ್ಸು. ಆದರೆ ಕುಡಿಯುವ ನೀರಿನಿಂದ ತೆಗೆದ ಸುಣ್ಣವೆಲ್ಲ ಆ ಡ್ರಮ್ಮಿನಲ್ಲೇ ಇರುತ್ತದಲ್ವಾ? ಹೀಟರಿನ ಮೇಲೆ ಹಪ್ಪಳದಷ್ಟು ದಪ್ಪ ಪದರ ಕಟ್ಟಿತ್ತು. ಆ ನೀರಿನಲ್ಲಿ ನೆಲ ಒರೆಸಿ, ಕಕ್ಕಸಿಗೆ ಬಳಸಿ. ಡಿಶ್‌ವಾಶರಿಗೆ ಬೇಡ.

ಉಪ್ಪು ಅಂದರೆ ಡಿಶ್‌ವಾಶರ್ ಉಪ್ಪೇ ಆಗಬೇಕು. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಂತೆ ಬೇರೆ ಪುಡಿಯೂ ಸೇರಿರುತ್ತದೆ. ಅದು ಡಬ್ಬಿಯಲ್ಲಿ ಗಾರೆಯಂತೆ ಕೂತುಬಿಡುತ್ತದೆ. ಮೊದಲ ಸಲ ಮಾತ್ರ ಡಬ್ಬಿಗೆ ನೀರು ತುಂಬಿಸಿ ಆಮೇಲೆ ಉಪ್ಪು ಹಾಕಬೇಕು. ಮುಂದೆ ಬರೀ ಉಪ್ಪು. ಹಾಕುವಾಗ ಸುತ್ತ ಚೆಲ್ಲಿದ್ದನ್ನು ಒರೆಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಕೂಡಲೇ ಒಮ್ಮೆ ಯಂತ್ರ ನಡೆಸಿ. ಚೆಲ್ಲಿದ ಉಪ್ಪುನೀರು ರಾತ್ರಿಯಿಡೀ ನಿಂತರೆ ಸ್ಟೀಲಿನ ತಳಕ್ಕೂ ತುಕ್ಕಿನ ಚುಕ್ಕೆ ಬೀಳುತ್ತದೆ. ‘ಪುಡಿ, ಉಪ್ಪು ಎಲ್ಲ ಸೇರಿದ ಮಾತ್ರೆ ಹಾಕ್ತೀವಿ, ಉಪ್ಪು ಯಾಕ್ರಿ’ ಅಂತ ಕೇಳುತ್ತಾರೆ. ಮೆದು ನೀರಿಗೆ ಆ ಮಾತ್ರೆ ಸಾಕು. ನಮ್ಮ ಬೋರ್ ನೀರಿಗೆ ಸಾಲುವುದಿಲ್ಲ.

ಈಗ ನಿಂಬೆಗೂ ಹೋಗದ ಬಿಳಿ. ಇದು ನಮ್ಮ ಕಡೆಯದೇ ವಿಶೇಷ. ಜೋಳದ ಹಿಟ್ಟು ನಾದಿದ ಪರಾತ, ಅನ್ನದ ಬೋಗುಣಿ, ಅಂಬಲಿಯ ಪಾತ್ರೆ, ಇವುಗಳಿಂದ ಎದ್ದ ಗಂಜಿ ಉಳಿದ ಪಾತ್ರೆಗಳ ಮೇಲೂ ತೆಳ್ಳಗೆ ಕೂರುತ್ತದೆ. ಪರೀಕ್ಷೆ ಸುಲಭ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ಔಷಧಿ ಮನೆಯಲ್ಲಿ ಇದ್ದರೆ ಒಂದು ಹನಿ ಪೊರೆಯ ಮೇಲೆ ಬಿಡಿ. ನೀಲಿಗಪ್ಪು ಆದರೆ ಅದು ಹಿಟ್ಟು. ಶಾಲೆಯಲ್ಲಿ ಬಟಾಟೆ ಮೇಲೆ ಮಾಡಿದ್ದೇ ಪ್ರಯೋಗ.

ಹಿಟ್ಟು ಉಳಿಯಲು ಎರಡು ಕಾರಣ. ಒಂದು, ಹಿಟ್ಟು ಮೆತ್ತಿದ ಪರಾತವನ್ನು ಹಾಗೇ ಒಳಗೆ ಇಡುವುದು. ಒಣಗಿದ ಹಿಟ್ಟು ಬಿಸಿನೀರು ಬಿದ್ದ ಕೂಡಲೇ ಅಂಟಾಗುತ್ತದೆ. ಪೋಸ್ಟರ್ ಹಚ್ಚಲು ನಾವು ಹಿಟ್ಟು ಕಾಸಿ ಅಂಟು ಮಾಡುವುದಿಲ್ಲವೇ, ಅದೇ. ಪರಾತಕ್ಕೆ ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟು, ಕೈಯಿಂದ ಸವರಿ ಚೆಲ್ಲಿ ಆಮೇಲೆ ಇಡಿ. ಎರಡು, ಅರ್ಧ ತಾಸಿನ ಪ್ರೋಗ್ರಾಂ. ಒಳ್ಳೆಯ ಪುಡಿಗಳಲ್ಲಿ ಹಿಟ್ಟನ್ನು ಒಡೆಯುವ ಎಂಜೈಮ್ ಇರುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ಚಹಾದ ಕಪ್ಪು, ನೀರಿನ ಲೋಟಕ್ಕೆ ಅರ್ಧ ತಾಸು ಸರಿ. ರಾತ್ರಿ ಊಟದ ಮುಸುರಿಗೆ ಅಲ್ಲ. ಮೂರು ತಾಸಿನ ಇಕೋ ಪ್ರೋಗ್ರಾಂ ನೋಡಿ ‘ಇಷ್ಟೊತ್ತು ಕರೆಂಟು’ ಅಂತ ಹೆದರುತ್ತಾರೆ. ಕರೆಂಟು ಹೆಚ್ಚು ತಿನ್ನುವುದು ನೀರು ಕಾಯಿಸುವಾಗ. ಇಕೋದಲ್ಲಿ ನೀರು ಕಡಿಮೆ ಕಾಯುತ್ತದೆ, ಬದಲಿಗೆ ನಿಧಾನವಾಗಿ ನೆನೆಯುತ್ತದೆ.

ಹಾಗಂತ ಎಲ್ಲವನ್ನೂ ತಿಕ್ಕಿ ತೊಳೆದು ಇಡಬೇಡಿ. ಅನ್ನದ ಅಗುಳು, ಕರಿಬೇವು, ಮೂಳೆ ತೆಗೆದರೆ ಸಾಕು. ಕೆಲವು ಯಂತ್ರಗಳು ನೀರಿನ ಕೊಳೆ ನೋಡಿ ಎಷ್ಟು ತೊಳೆಯಬೇಕು ಅಂತ ಲೆಕ್ಕ ಹಾಕುತ್ತವೆ. ನೀವೇ ತೊಳೆದು ಇಟ್ಟರೆ ಅದೂ ಮೈಗಳ್ಳ ಆಗುತ್ತದೆ.

ನಿಂಬೆಗೂ ಹೋಗಲಿಲ್ಲ, ಅಯೋಡಿನ್ನಿಗೂ ಕಪ್ಪಾಗಲಿಲ್ಲ, ಗಾಜು ಮಾತ್ರ ಮಂಜು ಹಿಡಿದಂತಿದೆ ಅಂದರೆ ಗಾಜೇ ಸವೆದಿದೆ. ಮೆದು ನೀರಿಗೆ ಪುಡಿ ಜಾಸ್ತಿ, ಬಿಸಿಯೂ ಜಾಸ್ತಿ ಆದಾಗ ಹೀಗಾಗುತ್ತದೆ. ಆ ಲೋಟ ಇನ್ನು ಮೊದಲಿನಂತೆ ಆಗುವುದಿಲ್ಲ. ಸೆಟ್ಟಿಂಗ್ ಬೇಕಾದ್ದಕ್ಕಿಂತ ಮೇಲೆ ಇಡಬೇಡಿ ಅನ್ನುವುದು ಇದಕ್ಕೇ.

ಯಂತ್ರ ಪಾತ್ರೆ ತಿಕ್ಕುವುದಿಲ್ಲ. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರವೂ ಬ್ರಶ್ಶಿನಿಂದಲ್ಲ, ನೀರಿನ ರಭಸದಿಂದಲೇ ತೊಳೆಯುತ್ತಿತ್ತು. ಇವತ್ತಿಗೂ ಅದೇ. ತಳದಲ್ಲಿ ನಿಂತ ಮೂರ್ನಾಲ್ಕು ಲೀಟರ್ ನೀರನ್ನೇ ಪಂಪು ಎತ್ತಿ ಎತ್ತಿ ತಿರುಗುವ ಕೈಗಳ ತೂತಿನಿಂದ ಹೊಡೆಯುತ್ತದೆ. ಹೊಡೆತದ ಜೋರು ಒಳಗಿನ ಪಂಪಿನದು, ನಿಮ್ಮ ಟಾಕಿಯದಲ್ಲ. ನೀರು ತಾಗದ ಕಡೆ ಕೊಳೆ ಹೋಗುವುದಿಲ್ಲ.

ಆ ತೂತುಗಳಿಗೆ ನಮ್ಮ ಅಡುಗೆಮನೆಯಲ್ಲಿ ಒಬ್ಬ ವೈರಿ ಇದ್ದಾನೆ: ಸಾಸಿವೆ ಕಾಳು. ಹೇಳಿ ಮಾಡಿಸಿದ ಅಳತೆ. ಜಾಳಿಗೆ ಸರಿಯಾಗಿ ಕೂತಿರದಿದ್ದರೆ ಒಗ್ಗರಣೆಯ ಸಾಸಿವೆ ಪಂಪಿಗೆ ಹೋಗಿ, ಕೈಯೊಳಗೆ ಸೇರಿ, ತೂತಿಗೆ ಬಿರಡೆಯಾಗುತ್ತದೆ. ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ಮೇಲಿನ ತಟ್ಟೆಯ ವಾಟಿಗಳಷ್ಟೇ ಜಿಡ್ಡು ಉಳಿಯುತ್ತಿದ್ದವು. ಮೇಲಿನ ಕೈ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಿಲಕಿಯಂತೆ ಸದ್ದು. ತಾಟಿನಲ್ಲಿ ಬಡಿದಾಗ ಹನ್ನೊಂದು ಸಾಸಿವೆ, ಒಂದು ಹುಣಸೆ ನಾರು, ಶೇಂಗಾ ಸಿಪ್ಪೆ ಬಿದ್ದವು. ಅಜ್ಜಿ ಬಂದು ನೋಡಿ, “ಇನ್ನೊಂದಿಷ್ಟು ಬಿದ್ದಿದ್ರ ನಾಳಿನ ಒಗ್ಗರಣಿಗಾಗ್ತಿತ್ತು” ಅಂದರು.

ಜಾಳಿಗೆಯನ್ನು ವಾರಕ್ಕೊಮ್ಮೆ ತೆಗೆದು, ಹಳೆಯ ಹಲ್ಲಿನ ಬ್ರಶ್ಶಿನಿಂದ ತೊಳೆದು, ವಾಪಸ್ಸು ಬಿಗಿಯಾಗಿ ಕೂಡಿಸಿ. ಸಡಿಲ ಬಿಟ್ಟರೆ ತೊಳೆದದ್ದೂ ವ್ಯರ್ಥ. ಯಂತ್ರ ಚಾಲೂ ಮಾಡುವ ಮೊದಲು ಎರಡೂ ಕೈಗಳನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ. ಸೌಟಿನ ಹಿಡಿ ಕೆಳಗೆ ಜಾರಿ ಅಡ್ಡ ನಿಂತಿರುವುದು ಎಷ್ಟು ಸಲವೋ. ವಾಟಿಗಳನ್ನು ಒಂದರೊಳಗೆ ಒಂದು ಇಡಬೇಡಿ. ಬಾಯಿ ಕೆಳಗೆ, ಸ್ವಲ್ಪ ವಾರೆ. ದೊಡ್ಡ ಗಂಗಾಳವನ್ನು ಮುಂದೆ ನಿಲ್ಲಿಸಿದರೆ ಪುಡಿಯ ಮುಚ್ಚಳ ತೆರೆಯಲು ಜಾಗವೇ ಇರುವುದಿಲ್ಲ. ಪುಡಿ ಅಲ್ಲೇ ಗಟ್ಟಿ ಹಿಡಿದು ಕೂತಿರುತ್ತದೆ, ದೂರು ಮಾತ್ರ ಪುಡಿಯ ಮೇಲೆ.

ಕೈಯಿಂದ ತಿಕ್ಕುವ ಲಿಕ್ವಿಡ್ ಒಂದು ಹನಿಯೂ ಬೇಡ. ನೊರೆ ಎದ್ದು ಪಂಪು ಗಾಳಿ ನುಂಗುತ್ತದೆ, ಹೊಡೆತ ಸತ್ತುಹೋಗುತ್ತದೆ, ಕೆಲವೊಮ್ಮೆ ನೊರೆ ಬಾಗಿಲಿನಿಂದ ಹೊರಗೇ ಬರುತ್ತದೆ. ಕೊನೆಯ ನೀರಿಗೆ ಸೇರುವ ರಿನ್ಸ್ ಏಡ್ ಅನ್ನುವ ದ್ರವ ಮಾತ್ರ ತಪ್ಪಿಸಬೇಡಿ. ಅದರಿಂದ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿ ಹೋಗುತ್ತದೆ. ನಿಂತ ಹನಿಯೇ ಒಣಗಿ ಕಲೆಯಾಗುವುದು. ಪ್ಲಾಸ್ಟಿಕ್ ಡಬ್ಬಿ ಒದ್ದೆಯಾಗೇ ಬಂದರೆ ಬೇಜಾರಾಗಬೇಡಿ, ಅದು ಸ್ಟೀಲಿನಷ್ಟು ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ.

ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಕಪ್ಪಾಗುತ್ತದೆ. ಪುಡಿಯ ಕ್ಷಾರ ಮತ್ತು ಬಿಸಿ ಸೇರಿ ಮಾಡುವ ಕೆಲಸ ಅದು. ಹಿತ್ತಾಳೆ, ತಾಮ್ರದ ಚರಗಿ ಮಂಕಾಗುತ್ತವೆ. ಲಟ್ಟಣಿಗೆ ಸೀಳುತ್ತದೆ. ರೊಟ್ಟಿ ಹಂಚಿನ ವಿಷಯ ಎಲ್ಲ ಮನೆಯಲ್ಲೂ ಕೇಳುತ್ತಾರೆ. ವರ್ಷಗಟ್ಟಲೆ ರೊಟ್ಟಿ ಸುಟ್ಟು ಪಳಗಿದ ಹಂಚನ್ನು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸಬೇಕು ಅಂದರೆ ಇಡಿ.

ಮಳೆಗಾಲದಲ್ಲಿ ನಳಕ್ಕೆ ರಾಡಿ ನೀರು ಬರುತ್ತದಲ್ಲ, ಆಗ ಯಂತ್ರದ ನೀರಿನ ಪೈಪು ನಲ್ಲಿಗೆ ಸೇರುವ ಕಡೆ ಇರುವ ಸಣ್ಣ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ಮಣ್ಣು ಕೂತು ನೀರು ಒಳಗೆ ಬರದೆ ಯಂತ್ರ ಎರರ್ ತೋರಿಸಿ ನಿಲ್ಲುತ್ತದೆ. ಅಂದಹಾಗೆ, ಮಳೆ ಹಿಡಿದ ಮೇಲೆ ಗೋಕುಲ ರಸ್ತೆಯ ಅಕ್ಕಾವರು ಮತ್ತೆ ಫೋನು ಮಾಡಿದ್ದರು. ದೂರು ಇರಲಿಲ್ಲ. “ಬೋರ್ ಬಂದ್ ಮಾಡೀವ್ರಿ, ನಳದ ನೀರು ಬರಾಕತ್ತೈತಿ. ನಂಬರ್ ಎಷ್ಟಕ್ಕ ಇಳಸ್ಲಿ?” ಅಂತ ಕೇಳಿದರು. ಪಟ್ಟಿ ಅದ್ದಿ ನೋಡಿ ಹೇಳ್ರಿ, ಆಮೇಲೆ ಹೇಳ್ತೀನಿ ಅಂದೆ.