ಹದ್ದಿನ ಗೂಡಿಗೆ ಹಸಿ ಸೊಪ್ಪು ಯಾಕೆ?

ಪ್ರಶ್ನೆ: ಹದ್ದೊಂದು ತನ್ನ ಗೂಡಿಗೆ ಎಲೆ ತುಂಬಿದ ಹಸಿ ಟೊಂಗೆ ಹೊತ್ತು ತರುವುದನ್ನು ನೋಡಿದೆ. ಗೂಡು ಕಟ್ಟಿ ಮುಗಿದು, ಮರಿಗಳೂ ಆಗಿದ್ದವು. ಮಾಂಸ ತಿನ್ನುವ ಹಕ್ಕಿಗೆ ಸೊಪ್ಪು ಯಾಕೆ ಬೇಕು?

ಉತ್ತರ: ತಿನ್ನೋಕಂತೂ ಅಲ್ಲ. ಗೂಡಿನ ಗಟ್ಟಿತನಕ್ಕೂ ಅಲ್ಲ, ಅದಕ್ಕೆ ಒಣಕಡ್ಡಿಯೇ ಸಾಕು. ಹಕ್ಕಿ ಈ ಹಸಿ ಟೊಂಗೆಯನ್ನು ಗೂಡಿನ ನಡುವಿನ ತಗ್ಗಿನಲ್ಲಿ, ಮರಿಗಳ ಪಕ್ಕದಲ್ಲೇ ಹಾಸುತ್ತದೆ. ಬಾಡಿದ ಮೇಲೆ ಇನ್ನೊಂದನ್ನು ತರುತ್ತದೆ. ಇಷ್ಟು ಓಡಾಟ ಸುಮ್ನೆ ಇರಲಾರದು, ಅಲ್ವಾ?

ಒಂದು ಒಳ್ಳೆಯ ಸುಳಿವಿದೆ. ಎಲ್ಲ ಬೇಟೆ ಹಕ್ಕಿಗಳಿಗೂ ಈ ಅಭ್ಯಾಸ ಇಲ್ಲ. ಚಾಣಗಳು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಸೊಪ್ಪನ್ನೂ ತರುವುದಿಲ್ಲ. ಹದ್ದು, ಗಿಡುಗಗಳಲ್ಲಿ ಇದು ಸಾಮಾನ್ಯ. 1984ರಲ್ಲಿ ಹಲವು ಜಾತಿಗಳನ್ನು ಹೋಲಿಸಿ ನೋಡಿದಾಗ, ಹಳೇ ಗೂಡನ್ನೇ ಮತ್ತೆ ಮತ್ತೆ ಬಳಸುವ ಜಾತಿಗಳಲ್ಲೇ ಸೊಪ್ಪು ತರುವ ರೂಢಿ ಜಾಸ್ತಿ ಎಂದು ಕಂಡುಬಂತು.

ಹಳೇ ಗೂಡು ಎಂದರೆ ವರ್ಷವರ್ಷ ಕಡ್ಡಿ ಪೇರಿಸಿದ ರಾಶಿ. ಅಮೆರಿಕದ ಫ್ಲಾರಿಡಾದಲ್ಲಿ 1963ರಲ್ಲಿ ಅಳೆದ ಬಾಲ್ಡ್ ಈಗಲ್ ಗೂಡೊಂದು 2.9 ಮೀಟರ್ ಅಗಲ, 6 ಮೀಟರ್ ಆಳ ಇತ್ತು! ಇಂಥ ರಾಶಿಯಲ್ಲಿ ನುಸಿ, ಉಣ್ಣೆ, ಮರಿಗಳ ರಕ್ತ ಹೀರುವ ನೊಣದ ಹುಳ ಎಲ್ಲವೂ ಸಂಸಾರ ಹೂಡುತ್ತವೆ. ಮೇಲಿಂದ ಕೊಳೆಯುವ ಮಾಂಸದ ಚೂರು ಬೇರೆ. ಘಾಟು ವಾಸನೆಯ ಎಲೆ ಹುಳಗಳನ್ನು ದೂರ ಇಡುತ್ತದೆ ಎಂಬುದು ಮುಖ್ಯ ವಾದ. ಸ್ಪೇನಿನಲ್ಲಿ ಬೊನೆಲ್ಲಿ ಹದ್ದಿನ ಗೂಡುಗಳನ್ನು ನೋಡಿದವರಿಗೆ, ಪೈನ್ ಸೊಪ್ಪು ಜಾಸ್ತಿ ಇದ್ದಲ್ಲಿ ನೊಣದ ಹುಳ ಕಡಿಮೆ ಇದ್ದದ್ದು ಕಂಡಿದೆ.

ಆದರೆ ಸೊಪ್ಪು ಹಾಕಿದ ಕೂಡಲೇ ಹುಳ ಓಡಿಹೋಗುತ್ತದೆ ಎಂದು ಹೇಳಿಬಿಟ್ಟರೆ ಅವಸರವಾದೀತು. ಗೊರವಂಕದ ನೆಂಟ ಸ್ಟಾರ್ಲಿಂಗ್ ಹಕ್ಕಿಯೂ ಗೂಡಿಗೆ ವಾಸನೆಯ ಸೊಪ್ಪು ತರುತ್ತದೆ. ಅದರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ನುಸಿಯೇನೂ ಕಡಿಮೆಯಾಗಲಿಲ್ಲ. ಮರಿಗಳು ಮಾತ್ರ ಹೆಚ್ಚು ತೂಕ ಬಂದವು. ಎಂದರೆ ಸೊಪ್ಪು ಹುಳಕ್ಕೆ ವಿಷವಾಗುವ ಬದಲು ಮರಿಗೆ ಮದ್ದಾಗಿರಬಹುದು.

ಇನ್ನೊಂದು ವಿಷಯ: ಮೊಟ್ಟೆ ಇಡುವ ಮೊದಲೇ ಹದ್ದುಗಳು ಸೊಪ್ಪು ತರಲು ಶುರುಮಾಡುತ್ತವೆ. ಆಗ ಕಾಪಾಡಬೇಕಾದ ಮರಿ ಇನ್ನೂ ಇಲ್ಲ. ಹಾಗಾಗಿ ಅದು 'ಈ ಗೂಡಿಗೆ ಮಾಲೀಕರಿದ್ದಾರೆ' ಎಂಬ ಬೋರ್ಡು ಎಂದು ಹಲವರು ಹೇಳುತ್ತಾರೆ. ನನಗೂ ಇದು ಸರಿ ಅನಿಸುತ್ತದೆ. ಸ್ಪೇನಿನ ಕರಿ ಹದ್ದುಗಳು ಬಿಳಿ ಪ್ಲಾಸ್ಟಿಕ್ ಚೂರು ತಂದು ಗೂಡು ಸಿಂಗರಿಸುತ್ತವೆ, ಜಾಸ್ತಿ ಪ್ಲಾಸ್ಟಿಕ್ ಇದ್ದಷ್ಟೂ ಆ ಜೋಡಿ ಗಟ್ಟಿಕುಳ. ಪ್ಲಾಸ್ಟಿಕ್ಕಿನಿಂದ ಯಾವ ಹುಳ ಸಾಯುತ್ತೆ ಹೇಳಿ!

ನೆರಳು, ತೇವ, ಕೊಳಕಿನ ಮೇಲೊಂದು ಹೊಸ ಹಾಸು ಎಂಬ ವಾದಗಳೂ ಇವೆ. ಒಂದೇ ಟೊಂಗೆ ಮೊದಲು ಬೋರ್ಡಾಗಿ, ಮರಿಯಾದ ಮೇಲೆ ಹಾಸಿಗೆಯೂ ಮದ್ದೂ ಆದರೆ ಆಶ್ಚರ್ಯವಿಲ್ಲ.

ಅಂದಹಾಗೆ, ಹಸಿರು ಕಂಡ ಗೂಡಲ್ಲೆಲ್ಲ ಮೊಟ್ಟೆ ಇರುತ್ತದೆ ಎಂದುಕೊಳ್ಳಬೇಡಿ. ಕೆಲವು ಹದ್ದುಗಳಿಗೆ ಎರಡು ಮೂರು ಗೂಡು ಇರುತ್ತವೆ. ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಗೂಡಿಗೆ ಸೊಪ್ಪು ಹಾಕಿ, ಕೊನೆಗೆ ಒಂದರಲ್ಲಿ ಮಾತ್ರ ಕಾವು ಕೂರುತ್ತವೆ.