ಮಲೆನಾಡಿನ ಮನೆಗೆ ಮಳೆನೀರಿನ ಟ್ಯಾಂಕಿ ಬಂದ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲೂ ಬೇಸಿಗೆಗೆ ಟ್ಯಾಂಕರ್ ಬರಬೇಕು ಎಂದರೆ ಬಯಲುಸೀಮೆಯವರಿಗೆ ನಗು. ಆದರೆ ಇಲ್ಲಿನವರು ಮನೆ ಕಟ್ಟುತ್ತಿದ್ದುದೇ ಮಳೆಯನ್ನು ಆದಷ್ಟು ಬೇಗ ಅಂಗಳ ದಾಟಿಸಿ ಕಳಿಸಲು. ಮಣ್ಣಿನ ಗೋಡೆ ನೆನೆಯಬಾರದು, ಅದಕ್ಕೇ ಇಳಿಜಾರಾದ ಮಾಡು (ಚಾವಣಿ), ಉದ್ದನೆಯ ಸೂರು. ಮಾಡಿಗೆ ಹೊದಿಸುತ್ತಿದ್ದುದು ಅಡಿಕೆ ಸೋಗೆ. ಅದರಿಂದ ಇಳಿಯುವ ನೀರಿಗೆ ಕಷಾಯದ ಬಣ್ಣ. ಕುಡಿಯುವ ಮಾತೇ ಇಲ್ಲ.

ಕುಡಿಯಲು ಅಬ್ಬಿ ನೀರಿತ್ತು. ಗುಡ್ಡದ ಮೇಲಿನ ಒರತೆಗೆ ಸೀಳಿದ ಅಡಿಕೆ ಮರದ ದಂಬೆ ಕೊಟ್ಟು, ಕವಲುಗೂಟಗಳ ಮೇಲೆ ಒಂದಕ್ಕೊಂದು ಜೋಡಿಸಿ ತಂದರೆ ನೀರು ಹಗಲೂ ರಾತ್ರಿ ಹಿತ್ತಿಲಲ್ಲಿ ಬೀಳುತ್ತಿತ್ತು. ಅಬ್ಬಿ ಇಲ್ಲದವರಿಗೆ ಬಾವಿ. ಕೂಡಿಡುವುದೆಂದರೆ ಬಚ್ಚಲಿನ ಹಂಡೆ ತುಂಬಿಸಿಡುವುದು, ಅಷ್ಟೆ. ದೊಡ್ಡದಾಗಿ ನೀರು ಕಟ್ಟುವುದು ಅರಸರ ಕೆಲಸ. ಮುತ್ತಿಗೆ ಬಿದ್ದಾಗ ನೀರಿಗೆಂದು ಗುಡ್ಡ ಇಳಿಯಲಾದೀತೇ? ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಕೆಳದಿ ನಾಯಕರ ಕಾಲದ ಕಲ್ಲುಕಟ್ಟಿನ ಕೊಳಗಳನ್ನು ಕೋಟೆಯ ಒಳಗೇ ನೋಡಬಹುದು.

ಬದಲಾವಣೆ ಬಂದದ್ದು ಹೆಂಚಿನಿಂದ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೆಂಚು ಘಟ್ಟ ಹತ್ತಿ, ಸೋಗೆ ಮನೆಗಳು ಒಂದೊಂದಾಗಿ ಹೆಂಚಿನ ಮನೆಗಳಾದ ಮೇಲೆ ಸೂರಿನ ನೀರು ತಿಳಿಯಾಯಿತು. ಆಷಾಢದಲ್ಲಿ ಸೂರಿನಡಿ ಕೊಪ್ಪರಿಗೆ ಇಟ್ಟರೆ ಸ್ನಾನಕ್ಕೆ, ಬಟ್ಟೆಗೆ ಸಾಕು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಎಂದವರಿಗೂ ಆ ನೀರನ್ನು ಏಪ್ರಿಲ್‌ವರೆಗೆ ಇಡುವ ಅಗತ್ಯ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಅಬ್ಬಿ ಬತ್ತತೊಡಗಿದಾಗ. ಜಂಬಿಟ್ಟಿಗೆ ನೆಲ ಎಷ್ಟು ಬೇಗ ನೀರು ಕುಡಿಯುತ್ತದೋ ಅಷ್ಟೇ ಬೇಗ ತಗ್ಗಿಗೆ ಬಿಟ್ಟುಕೊಡುತ್ತದೆ. ಆ ನೀರನ್ನು ತಡೆದು ಮೆಲ್ಲಗೆ ಬಿಡುತ್ತಿದ್ದ ಕಾಡಿನ ಜಾಗಕ್ಕೆ ಅಕೇಶಿಯಾ ಬಂತು. ಕಣಿವೆಯ ಅಡಿಕೆ ಗುಡ್ಡ ಹತ್ತಿ ಬೋರ್‌ವೆಲ್ ನಂಬಿತು. ಯಾವುದರ ಪಾಲು ಎಷ್ಟು ಎಂಬ ವಾದ ಮುಗಿಯುವಂಥದ್ದಲ್ಲ. ಶರಾವತಿ ಕಣಿವೆಯದು ಬೇರೆಯೇ ಕಥೆ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಜನ ಮೇಲಕ್ಕೆ ಹೋದರು, ಅವರ ಬಾವಿಗಳು ಹಿನ್ನೀರಿನಡಿ ಉಳಿದವು.

ಸರ್ಕಾರವೂ ಕೈಹಾಕಿತು. 2006-07ರ ಸುವರ್ಣ ಜಲ ಯೋಜನೆಯಲ್ಲಿ ಹಳ್ಳಿ ಶಾಲೆಗಳ ಮಾಡಿಗೆ ಪೈಪು, ಪಕ್ಕದಲ್ಲೊಂದು ಟ್ಯಾಂಕಿ ಬಂತು. 2009ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ನಿವೇಶನದ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಶಾಲೆಯ ಟ್ಯಾಂಕಿಗಳಲ್ಲಿ ಎಷ್ಟೋ ಮೂಲೆ ಸೇರಿದವು. ಕಟ್ಟುವುದಕ್ಕೆ ದುಡ್ಡಿತ್ತು, ವರ್ಷಕ್ಕೊಮ್ಮೆ ಸೋಸುವ ಮರಳು ತೊಳೆಯುವವರು ಯಾರು ಎಂಬುದು ಯೋಜನೆಯಲ್ಲಿ ಗಟ್ಟಿಯಾಗಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮಲೆನಾಡಿಗೆ ಲೆಕ್ಕವೇ ಬೇರೆ. ಸಾವಿರ ಚದರಡಿ ಮಾಡಿನ ಮೇಲೆ 1 ಮಿ.ಮೀ. ಮಳೆ ಎಂದರೆ 93 ಲೀಟರ್. ಒಂದೇ ದಿನ 100 ಮಿ.ಮೀ. ಸುರಿದರೆ, ಪೋಲಾದದ್ದು ಕಳೆದರೂ ಏಳು ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲಾ 10 ಲೀಟರ್‌ನಂತೆ ನಾಲ್ಕು ತಿಂಗಳಿಗೆ ಬೇಕಾದದ್ದು 6,000 ಲೀಟರ್. ಹಾಗಾಗಿ ಟ್ಯಾಂಕಿಯ ಅಳತೆ ನಿರ್ಧರಿಸಬೇಕಾದ್ದು ಮಳೆ ಇಲ್ಲದ ದಿನಗಳನ್ನು ಎಣಿಸಿ. ಮಳೆ ಎಷ್ಟಿದ್ದರೂ ಟ್ಯಾಂಕಿ ಹಿಡಿಯುವುದು ಅದರ ಹೊಟ್ಟೆಯಷ್ಟೇ.

ಜೂನ್‌ನ ಮೊದಲ ಮಳೆಯನ್ನು ಹಿಡಿಯುವ ಆತುರವೂ ಬೇಡ. ಅದು ಹಾವಸೆ, ಹಕ್ಕಿ ಹಿಕ್ಕೆ, ದರಗು ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಪೈಪಿನ ಬುಡಕ್ಕೆ ಒಂದು ಮುಚ್ಚಳ ಕೊಟ್ಟು ಆ ಕೊಳೆಯನ್ನು ಹೊರಗೆ ಬಿಡಬೇಕು. ಮಳೆಗಾಲವಿಡೀ ಬಳಸಿ, ಸೆಪ್ಟೆಂಬರ್‌ನಲ್ಲಿ ಟ್ಯಾಂಕಿ ತಿಕ್ಕಿ ತೊಳೆದು, ಹಸ್ತ-ಚಿತ್ತೆ ಮಳೆಗೆ ತುಂಬಿಸಿಕೊಂಡರೆ ಬೇಸಿಗೆಯ ನೀರು ಹೊಸದಾಗಿರುತ್ತದೆ. ತಾರಸಿಯಲ್ಲಿ ಅಡಿಕೆ ಒಣಗಿಸುವ ಮನೆಯಾದರೆ ಅದು ಶುರುವಾಗುವ ಮೊದಲೇ ಪೈಪು ತಪ್ಪಿಸಿಬಿಡಬೇಕು. ಬೆಳಕು ಹೊಕ್ಕರೆ ಪಾಚಿ, ಸಂದಿಯಿದ್ದರೆ ಸೊಳ್ಳೆ. ಆದ್ದರಿಂದ ಮುಚ್ಚಳ ಬಿಗಿಯಾಗಿರಲಿ, ಉಕ್ಕಿ ಹೋಗುವ ಪೈಪಿನ ಬಾಯಿಗೂ ಜಾಲರಿ ಇರಲಿ. ಕುಡಿಯುವ ಮುನ್ನ ಕುದಿಸಲೇಬೇಕು. ಉಕ್ಕಿದ್ದನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದವರೂ ಇದ್ದಾರೆ. ಜಂಬಿಟ್ಟಿಗೆ ನೆಲದಲ್ಲಿ ಅದೆಷ್ಟು ದಿನ ನಿಲ್ಲುತ್ತದೆ ಎಂಬುದು ಬಾವಿ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.