ಶಕ್ತಿನಗರ ಪಕ್ಕದಲ್ಲೇ ಇದ್ದರೂ ಟೇಲ್ ಎಂಡ್ ಮೋಟರಿಗೆ ವೋಲ್ಟೇಜ್ ಯಾಕಿಲ್ಲ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ನೀರು ಮುಟ್ಟದ ಗೋಳು ರಾಯಚೂರು ಜಿಲ್ಲೆಗೆ ಹೊಸದಲ್ಲ. ಸಬ್‌ಸ್ಟೇಷನ್ನಿನಿಂದ ಹೊಲಗಳತ್ತ ಕರೆಂಟು ತರುವ ಉದ್ದನೆಯ 11 ಕೆವಿ ಲೈನಿನ (ಫೀಡರಿನ) ತುದಿಯಲ್ಲಿರುವ ಪಂಪ್‌ಸೆಟ್ಟಿನದೂ ಅದೇ ಗೋಳು. 415 ವೋಲ್ಟ್ ಬರಬೇಕಾದ ಕಡೆ 340 ಬಂದರೆ ಮೋಟರಿನ ತಿರುಚು ಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ವೈಂಡಿಂಗ್ ಸುಡುತ್ತದೆ.

ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಡೆಯುತ್ತಿದೆ. ಕರೆಂಟು ಅಷ್ಟು ಹತ್ತಿರ ಹುಟ್ಟಿದರೂ ಈ ಪಾಡು ಏಕೆ? ಮೋಟರು ನೀರೆತ್ತುವ ಶಕ್ತಿಯ ಜೊತೆಗೆ, ತನ್ನೊಳಗೆ ಕಾಂತಕ್ಷೇತ್ರ ಕಟ್ಟಿಕೊಳ್ಳಲು ರಿಯಾಕ್ಟಿವ್ ಪವರನ್ನೂ ಎಳೆಯುತ್ತದೆ. ಅದನ್ನು ದೂರದಿಂದ ಸಾಗಿಸಿದಷ್ಟೂ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಬೇಕಾದಲ್ಲೇ ಒದಗಿಸುವುದೊಂದೇ ದಾರಿ.

ಹಾಗಾಗಿ ಮೊದಲ ಮದ್ದು, ರಿಯಾಕ್ಟಿವ್ ಪವರನ್ನು ಅಲ್ಲೇ ಒದಗಿಸುವ ಕೆಪ್ಯಾಸಿಟರ್. ಲೆಕ್ಕ ನೋಡಿ: 5 ಎಚ್‌ಪಿ ಪಂಪು ಸುಮಾರು 4.7 ಕಿಲೋವ್ಯಾಟ್ ಎಳೆಯುತ್ತದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು) 0.75 ಇದ್ದರೆ 4.1 ಕೆವಿಎಆರ್ (ಇದು ರಿಯಾಕ್ಟಿವ್ ಪವರಿನ ಅಳತೆ) ಬೇಕು. ಮೋಟರಿನ ಬಳಿಯೇ 2 ಕೆವಿಎಆರ್ ಕೂರಿಸಿದರೆ ಪವರ್ ಫ್ಯಾಕ್ಟರ್ 0.91ಕ್ಕೆ ಏರುತ್ತದೆ, ಆ ಮೋಟರಿನಿಂದಾಗುವ ಲೈನ್ ನಷ್ಟ ಹತ್ತಿರ ಹತ್ತಿರ ಮೂರನೇ ಒಂದರಷ್ಟು ತಗ್ಗುತ್ತದೆ. ಹೆಚ್ಚಿದ್ದರೆ ಒಳ್ಳೆಯದೆಂದು 4 ಹಾಕಬಾರದು. ಸ್ವಿಚ್ ತೆಗೆದ ಮೇಲೂ ತಿರುಗುತ್ತಿರುವ ಮೋಟರು ಆ ಕೆಪ್ಯಾಸಿಟರಿನ ಬಲದಿಂದ ತಾನೇ ವೋಲ್ಟೇಜ್ ಹುಟ್ಟಿಸಿ, ಎರಡೂ ಹಾಳಾಗಬಹುದು.

ಕೆಪ್ಯಾಸಿಟರಿಗೂ ಒಂದು ದೌರ್ಬಲ್ಯವಿದೆ. ವೋಲ್ಟೇಜ್ ಶೇ 90ಕ್ಕೆ ಇಳಿದರೆ ಅದರ ಕೊಡುಗೆ ಶೇ 81ಕ್ಕೆ ಇಳಿಯುತ್ತದೆ. ತೀರಾ ಬೇಕಾದಾಗಲೇ ಕೈಕೊಡುತ್ತದೆ. ಆಗ ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಹೊರಬರುವ ವೋಲ್ಟೇಜನ್ನು ಏರಿಸಿ ಇಳಿಸುವ ಏರ್ಪಾಡು) ಏರಿಸುವುದು ರೂಢಿ. ಆದರೆ ಟ್ಯಾಪ್ ರಿಯಾಕ್ಟಿವ್ ಪವರನ್ನು ಹುಟ್ಟಿಸುವುದಿಲ್ಲ, ಮೇಲಿನ ಲೈನಿನಿಂದ ಇನ್ನಷ್ಟು ಎಳೆಯುತ್ತದೆ ಅಷ್ಟೇ. ಮೇಲೆಯೇ ಕೊರತೆಯಿದ್ದರೆ ಇಡೀ ಸೀಮೆಯ ವೋಲ್ಟೇಜ್ ಕುಸಿಯುವ ಅಪಾಯವಿದೆ. ಮೊದಲು ಕೆಪ್ಯಾಸಿಟರ್, ಆಮೇಲೆ ಟ್ಯಾಪ್: ಈ ಕ್ರಮ ತಪ್ಪಬಾರದು.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಜೋಡಿತು. ಇಂಥ ಉದ್ದನೆಯ ಲೈನುಗಳು ಹೆಚ್ಚಿದಂತೆ ತದ್ವಿರುದ್ಧ ತೊಂದರೆಯೂ ಹೆಚ್ಚುತ್ತದೆ. 400 ಕೆವಿ ಲೈನ್ 100 ಕಿ.ಮೀ.ಗೆ ಸುಮಾರು 55 ಎಂವಿಎಆರ್ (ಒಂದು ಎಂವಿಎಆರ್ ಎಂದರೆ ಸಾವಿರ ಕೆವಿಎಆರ್) ರಿಯಾಕ್ಟಿವ್ ಪವರನ್ನು ತಾನೇ ಹುಟ್ಟಿಸುತ್ತದೆ. ಮಳೆ ಬಿದ್ದು ಪಂಪುಗಳು ನಿಂತ ರಾತ್ರಿ ಅದನ್ನು ಹೀರುವವರಿಲ್ಲದೆ ವೋಲ್ಟೇಜ್ ಮಿತಿಯಾದ 420 ಕೆವಿ ದಾಟಲು ನೋಡುತ್ತದೆ. ಅದನ್ನು ಹೀರುವುದಕ್ಕೇ ರಿಯಾಕ್ಟರುಗಳು. ಆ ಹೊತ್ತಿನಲ್ಲಿ ಕೆಳಗಿನ ಸಬ್‌ಸ್ಟೇಷನ್ನಿನ ಕೆಪ್ಯಾಸಿಟರ್ ಬ್ಯಾಂಕ್ (ಒಟ್ಟಿಗೆ ಜೋಡಿಸಿದ ಕೆಪ್ಯಾಸಿಟರುಗಳ ಗುಂಪು) ಆಫ್ ಮಾಡದೆ ಬಿಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಜನರೇಟರ್, ಟ್ಯಾಪ್, ಕೆಪ್ಯಾಸಿಟರ್, ರಿಯಾಕ್ಟರ್ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ನಷ್ಟ ಕನಿಷ್ಠಕ್ಕೆ ತರುವ ಗಣಿತಕ್ಕೆ ಫ್ರಾನ್ಸಿನ ಕಾರ್ಪಾಂಟಿಯೆ 1962ರಲ್ಲಿ ಬುನಾದಿ ಹಾಕಿದರು. ಟ್ಯಾಪ್ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು, ಎರಡರ ನಡುವೆ ನಿಲ್ಲದು. ಲೆಕ್ಕ ತೊಡಕಾಗುವುದು ಅಲ್ಲಿಯೇ. ಕಂಪ್ಯೂಟರ್ ಆ ತೊಡಕನ್ನು ಬಿಡಿಸಬಲ್ಲದು. ಆದರೆ ಹೊಲದಲ್ಲಿ ಸತ್ತ ಕೆಪ್ಯಾಸಿಟರನ್ನು ಬದುಕಿದೆ ಎಂದು ಬರೆದುಕೊಟ್ಟರೆ ಉತ್ತರವೂ ಸುಳ್ಳೇ.

ಪರೀಕ್ಷೆ ಕಷ್ಟವಲ್ಲ. ಮೋಟರ್ ಓಡುವಾಗ 2 ಕೆವಿಎಆರ್ ಕೆಪ್ಯಾಸಿಟರಿನ ಒಂದೊಂದು ವೈರಿಗೂ ಕ್ಲಾಂಪ್ ಮೀಟರ್ ಹಿಡಿಯಿರಿ. 415 ವೋಲ್ಟಿಗೆ 2.8 ಆಂಪಿಯರ್, 340ಕ್ಕೆ 2.3 ತೋರಿಸಬೇಕು. ಮೂರರಲ್ಲಿ ಒಂದು ಸೊನ್ನೆ ತೋರಿಸಿದರೂ ಅದು ತನ್ನ ಕೆಲಸ ಪೂರ್ತಿ ಮಾಡುತ್ತಿಲ್ಲ. ವೈರು ಬಿಟ್ಟಿದೆಯೇ ನೋಡಿ, ಇಲ್ಲವಾದರೆ ಕೆಪ್ಯಾಸಿಟರ್ ಬದಲಿಸಿ.